ಹೊಗೆ ಹಾಕಿದಷ್ಟೂ ಏದುಸಿರು

ಪರೇಲಿನ ನಮ್ಮ ಚಾಳಿನಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಮೂಗಿಗೇ ಗೊತ್ತಾಗುತ್ತದೆ. ಆ ವಾರ ಮಾತ್ರ ಮೂರನೆಯ ಮಹಡಿಯಿಡೀ ಒಂದೇ ವಾಸನೆ, ಲೋಬಾನದ್ದು.

ನಮ್ಮ ಪಕ್ಕದ ಖೋಲಿಯ ರೋಷನಬಿಯ ಸೊಸೆ ರಜಿಯಾಗೆ ಏಳು ತಿಂಗಳು. ಕೆಳಗಿನ ನಲ್ಲಿಯಿಂದ ಕೊಡ ಹೊತ್ತು ತಂದರೆ ಏದುಸಿರು. ಯಾರದೋ ದೃಷ್ಟಿ ತಾಕಿದೆ ಎಂದು ಅತ್ತೆ ತೀರ್ಮಾನಿಸಿಬಿಟ್ಟಳು. ಕಿಟಕಿ ಬಾಗಿಲು ಮುಚ್ಚಿ, ಸೊಸೆಯನ್ನು ಕೂರಿಸಿ, ಕೆಂಡದ ಮೇಲೆ ಲೋಬಾನ ಉದುರಿಸುವಳು. ಹೊಗೆಗೆ ರಜಿಯಾಳ ಉಸಿರು ಇನ್ನೂ ಕಟ್ಟುವುದು. ದೃಷ್ಟಿ ಬಲವಾಗಿದೆ ಎಂದು ಅತ್ತೆ ಇನ್ನೊಂದು ಹಿಡಿ ಹಾಕುವಳು. ಹೊರಗಿನವರ ಕಣ್ಣು ಬಿದ್ದೀತೆಂದು ತಪಾಸಣೆಗೂ ಕಳಿಸಲಿಲ್ಲ. ಪ್ರೀತಿಗೇನೂ ಕಡಿಮೆ ಇರಲಿಲ್ಲ, ಪಾಪ.

ನನಗೆ ತಡೆಯಲಾಗಲಿಲ್ಲ. ಮುನಿಸಿಪಾಲಿಟಿ ದವಾಖಾನೆಯ ನರ್ಸ್ ವಿಮಲಾ ಅವರನ್ನು ಕರೆತಂದೆ. ಅವರು ಬಂದವರೇ ಕಿಟಕಿ ತೆರೆದರು. ರಜಿಯಾ ಸುಧಾರಿಸಿಕೊಂಡ ಮೇಲೆ ತಮ್ಮ ಗಡಿಯಾರ ಹಿಡಿದು, ಅವಳ ಉಸಿರು ಎಣಿಸಲು ರೋಷನಬಿಗೇ ಹೇಳಿದರು. ನಿಮಿಷಕ್ಕೆ ಹದಿನೆಂಟು ಬಂತು. ಇಷ್ಟಿದ್ದರೆ ಗಾಬರಿಯಿಲ್ಲ ಎಂದರು.

"ಬಸುರಿ ಮೊದಲಿಗಿಂತ ಆಳವಾಗಿ ಉಸಿರಾಡ್ತಾಳೆ, ಮಗುವಿಗೂ ಬೇಕಲ್ಲಮ್ಮ. ಗರ್ಭ ಬೆಳೆದ ಹಾಗೆ ಶ್ವಾಸಕೋಶದ ಕೆಳಗಿನ ಪರದೆಯನ್ನ ಮೇಲಕ್ಕೆ ತಳ್ಳತ್ತೆ. ಅದಕ್ಕೇ ಮೆಟ್ಟಿಲು ಹತ್ತಿದಾಗ ಏದುಸಿರು."

"ನಾನೂ ಐದು ಹಡದೀನಿ ಸಿಸ್ಟರ್. ನನಗ ಹಿಂಗ ಆಗಿದ್ದಿಲ್ಲ."

"ನಿಮ್ಮೂರಾಗ ಇಷ್ಟು ಮೆಟ್ಟಲಾ ಎಲ್ಲಿದ್ದುವು, ಅಮ್ಮಾ?" ಎಂದಳು ರಜಿಯಾ.

ನಕ್ಕ ವಿಮಲಾ, ಅವಳ ಕೆಳರೆಪ್ಪೆ ಎಳೆದು ನೋಡಿ ಗಂಭೀರರಾದರು. ಒಳಗೆ ಬಿಳುಪು. ರಕ್ತ ಕಡಿಮೆಯಿದ್ದರೂ ಏದುಸಿರು ಹೆಚ್ಚುತ್ತದೆ, ನಾಳೆಯೇ ರಕ್ತ ಪರೀಕ್ಷೆ ಆಗಬೇಕು ಎಂದರು.

"ಸುಮ್ಮನೆ ಕೂತಾಗಲೂ ಉಸಿರು ಸಾಲದಿದ್ದರೆ, ಮಾತು ಮುಗಿಸೋಕೆ ಆಗದಿದ್ದರೆ, ಎದೆ ನೋವು ಬಂದರೆ, ತುಟಿ ನೀಲಿಯಾದರೆ, ಕೆಮ್ಮಿದಾಗ ರಕ್ತ ಕಂಡರೆ, ಒಂದು ಗಳಿಗೆನೂ ಕಾಯಬೇಡಿ. ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ನಡೀರಿ."

ಆಮೇಲೆ ಚೀಲದಿಂದ ಪುಟ್ಟ ಕೊಳವೆಯೊಂದನ್ನು ತೆಗೆದು ರಜಿಯಾಳ ಹೊಟ್ಟೆಯ ಮೇಲಿಟ್ಟರು. ಮಗುವಿನ ಎದೆಬಡಿತ ಸಿಕ್ಕ ಜಾಗದಲ್ಲಿ ರೋಷನಬಿಯ ಕಿವಿ ಇಡಿಸಿದರು. ಅವಳ ಮುಖವನ್ನೇ ನೋಡುತ್ತ ನಾವೆಲ್ಲ ನಿಂತಿದ್ದೆವು.

"ಓಡಾಕತ್ತೈತಿ," ಎಂದಳು ರೋಷನಬಿ. "ಕುದುರಿ ಓಡಿದಂಗ ಓಡಾಕತ್ತೈತಿ."

ಅವಳು ಕೊಳವೆಯಿಂದ ಕಿವಿ ತೆಗೆಯಲೇ ಒಲ್ಲಳು. ಮತ್ತೆ ಮತ್ತೆ ಕೇಳಿದಳು, ಅತ್ತಳು, ನಕ್ಕಳು. ಕೊನೆಗೆ ಎದ್ದು ನಿಂತು, "ಇದನ್ನ ಹೊಗಿಯೊಳಗ ಕೂಡ್ರಿಸಿದ್ನಲ್ಲ ನಾನು," ಎಂದು, ಕೆಂಡದ ಬಟ್ಟಲನ್ನು ತಾನೇ ಖೋಲಿಯ ಹೊರಗಿನ ಗ್ಯಾಲರಿಗೆ ಒಯ್ದು ನೀರು ಸುರಿದಳು.

ಮರುದಿನ ದವಾಖಾನೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವರು ಆ ಅತ್ತೆ ಸೊಸೆಯೇ. ರಕ್ತ ಕಡಿಮೆಯಿತ್ತು, ಕಬ್ಬಿಣದ ಮಾತ್ರೆ ಶುರುವಾಯಿತು. ಕೊಡವನ್ನು ಈಗ ರಜಿಯಾಳ ಗಂಡ ಬಾಷಾ ಹೊರುತ್ತಾನೆ. ಮೂರನೆಯ ಮಹಡಿಗೆ ಬರುವಷ್ಟರಲ್ಲಿ ಅವನಿಗೂ ಏದುಸಿರು. ಅವನಿಗೆ ಯಾರೂ ದೃಷ್ಟಿ ತೆಗೆಯುವುದಿಲ್ಲ.

ಅಕ್ಕ ತಂಗಿಯರೇ, ನಿಮ್ಮ ಮನೆಯ ಬಸುರಿಗೆ ಏದುಸಿರು ಬಂದರೆ ಮೊದಲು ಕಿಟಕಿ ತೆರೆಯಿರಿ. ಅವಳ ಕೈಯ ಭಾರ ಇಳಿಸಿಕೊಳ್ಳಿ. ಬೀಡಿಯ ಹೊಗೆಯಾಗಲಿ ಲೋಬಾನದ ಹೊಗೆಯಾಗಲಿ ಅವಳ ಹತ್ತಿರ ಸುಳಿಯದಿರಲಿ. ತಪಾಸಣೆ ತಪ್ಪಿಸಬೇಡಿ. ಅವಳು ಎಳೆದುಕೊಳ್ಳುವ ಉಸಿರನ್ನೇ ನಂಬಿ ಒಳಗೊಂದು ಪುಟ್ಟ ಎದೆ ಓಡುತ್ತಿದೆ.