ನಂಬರಿಲ್ಲದ ದವಡೆ

ಫೋಲ್ಡರಿನಲ್ಲಿ ಮಗಳ ಶಾಲೆಯ ಫೋಟೋಗಳಿದ್ದವು, ಮದುವೆಯ ವಿಡಿಯೋ ಇತ್ತು, ಹೆಂಡತಿಯ ಹಲ್ಲು ಮಾತ್ರ ಇರಲಿಲ್ಲ. ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವಾತ ತಟ್ಟನೆ ಎದ್ದುನಿಂತ.

"ನನ್ನ ಫೋಲ್ಡರ್ ಯಾರು ಮುಟ್ಟಿದ್ದು?"

"ನಾನೇ," ಎಂದಳು ಲ್ಯಾಬಿನ ಮೇಲ್ವಿಚಾರಕಿ. ಬೆನ್ನ ಹಿಂದೆ ಎಲ್ಲರೂ ಆಕೆಯನ್ನು ಹೆಡ್‌ಮಿಸ್ಸು ಎನ್ನುತ್ತಿದ್ದರು. "ಬೆಳಿಗ್ಗೆ ಕಂಪ್ಯೂಟರು ಜಾಗ ಇಲ್ಲ ಅಂತ ಕೆಂಪು ಗೆರೆ ತೋರಿಸ್ಕೊಂಡು ಕೂತ್ಬಿಡ್ತು. ಎಲ್ಲರ ಸ್ವಂತದ ಫೋಲ್ಡರನ್ನೂ ಬೇರೆ ಡ್ರೈವಿಗೆ ಸಾಗಿಸ್ದೆ. ಇದೇನು ನಿಮ್ಮ ಮಾವನ ಮನೆಯಾ, ಮದುವೆ ವಿಡಿಯೋ ಎಲ್ಲಾ ತಂದು ತುಂಬೋಕೆ?"

ಬೇರೆ ದಿನವಾಗಿದ್ದರೆ ಅವನು ನಕ್ಕುಬಿಡುತ್ತಿದ್ದ. ಎರಡು ವಾರದ ಹಿಂದೆ ಹೆಂಡತಿ ಮೆಟ್ಟಿಲಲ್ಲಿ ಮುಗ್ಗರಿಸಿ ಮುಂದಿನ ಎರಡು ಹಲ್ಲು ಮುರಿದುಕೊಂಡಿದ್ದಳು. ಡಾಕ್ಟರು ಹಾಕಿದ ತಾತ್ಕಾಲಿಕ ಹಲ್ಲು ಮುತ್ತು ಪೋಣಿಸಿದ ಹಾಗಿತ್ತು. ಕನ್ನಡಿ ನೋಡಿದವಳೇ "ಇದ್ಯಾರ್ರೀ?" ಎಂದು ಅತ್ತುಬಿಟ್ಟಿದ್ದಳು. ಅವಳ ಹಲ್ಲುಗಳ ನಡುವೆ ಒಂದು ಸಂದಿಯಿತ್ತು, ಎಡಗಡೆಯದು ತುಸು ವಾರೆ. ಐದು ವರ್ಷದ ಹಿಂದೆ ಹೊಸ ಸ್ಕ್ಯಾನರ್ ಬಂದಾಗ, ಪರೀಕ್ಷೆಗೆಂದು ಅವನು ಮೊದಲು ಸ್ಕ್ಯಾನ್ ಮಾಡಿದ್ದು ಅವಳ ಬಾಯನ್ನೇ. ಆ ಫೈಲು ಸಿಕ್ಕರೆ ಹಳೆಯ ಹಲ್ಲನ್ನೇ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೆತ್ತಬಹುದು. ಸಿಗದಿದ್ದರೆ ಫೋಟೋ ನೋಡಿ ಅಂದಾಜಿನಲ್ಲಿ ಮಾಡಬೇಕು. ಅಂದಾಜಿನ ಹಲ್ಲಿಗೆ ಅವಳು ಜನ್ಮದಲ್ಲಿ ಒಪ್ಪುವವಳಲ್ಲ.

"ಅದ್ರಲ್ಲೊಂದು ದವಡೆ ಇತ್ತು," ಎಂದ.

"ಇತ್ತು. ಪೇಷಂಟಿನ ಫೈಲು ಸ್ವಂತದ್ದರ ಜೊತೆ ಇಡಬೇಡಿ ಅಂತ ಎಷ್ಟು ಸಲ ಬಡ್ಕೊಂಡಿದೀನಿ? ಅದಕ್ಕೆ ನಂಬರೂ ಇರ್ಲಿಲ್ಲ. ನಂಬರಿಲ್ಲದವುಗಳ ಗುಂಪಿಗೆ ಸೇರಿಸ್ದೆ. ಮಧ್ಯಾಹ್ನ ಅವನ್ನೆಲ್ಲ ಅಳಿಸ್ಬೇಕು."

"ಪೇಷಂಟಲ್ಲ ಮೇಡಂ, ನನ್ನ ಹೆಂಡ್ತಿ!"

ಹೆಡ್‌ಮಿಸ್ಸಿನ ಮುಖ ಬಿಳಚಿಕೊಂಡಿತು. "ಅಯ್ಯೋ ದೇವರೇ, ಅವರದಾ?"

ಆ ಗುಂಪಿಗೆ ಬಿದ್ದ ಫೈಲಿನ ಹಳೆಯ ಹೆಸರು, ತಾರೀಖು ಎಲ್ಲ ಅಳಿಸಿಹೋಗುತ್ತಿತ್ತು. ಒಟ್ಟು ನೂರಾ ನಲವತ್ತು ದವಡೆ. ಅವನು ಕುರ್ಚಿ ಎಳೆದುಕೊಂಡು ಒಂದೊಂದನ್ನೇ ತೆರೆದು, ತಿರುಗಿಸಿ, ಮುಚ್ಚತೊಡಗಿದ. ಹೆಡ್‌ಮಿಸ್ಸು ತನ್ನ ಕೆಲಸ ಬಿಟ್ಟು ಪಕ್ಕದಲ್ಲೇ ನಿಂತಳು.

"ಇದಾ?"

"ಅಲ್ಲ."

"ಇದು?"

"ಇದ್ಯಾರೋ ಅಡಿಕೆ ಹಾಕೋರು."

ನಲವತ್ತನೆಯದರ ಹೊತ್ತಿಗೆ ಕಣ್ಣು ಉರಿಯಿತು. "ಅಲ್ಲಾ, ಬರೀ ಹಲ್ಲು ನೋಡಿ ಗುರುತು ಸಿಗತ್ತಾ ನಿಮಗೆ?" ಎಂದಳು ಆಕೆ.

"ಹದಿನಾರು ವರ್ಷ ಎದುರಿಗೆ ಕೂತು ಬೈಸ್ಕೊಂಡಿದೀನಿ ಮೇಡಂ. ಸಿಗದೇ ಇರತ್ತಾ?"

ಅರವತ್ತಮೂರನೆಯದು ತೆರೆಯಿತು. ತಿರುಗಿಸುವ ಮೊದಲೇ ಗೊತ್ತಾಯಿತು. "ಉಸ್ಸಪ್ಪಾ!" ಎಂದು ಅವನು ಕುರ್ಚಿಗೆ ಒರಗಿದ. ಸಮಾಧಾನಕ್ಕೆ ಕಣ್ಣಲ್ಲಿ ನೀರೇ ಬಂತು. ಹೆಡ್‌ಮಿಸ್ಸು ಬಗ್ಗಿ, ಆ ಫೈಲನ್ನು ಒಂದು ಡ್ರೈವಿಗೆ ನಕಲು ಮಾಡಿದಳು. ಸಾಲದೆಂದು ಇನ್ನೊಂದಕ್ಕೂ ಮಾಡಿದಳು.

ಅವನು ಮನೆಗೆ ಫೋನ್ ಮಾಡಿದ. "ಸಿಕ್ತು ಕಣೇ."

"ಸಂದಿ ಇದೆಯಾ?"

"ಇದೆ."

"ವಾರೆಯದು?"

"ಅದೂ ಇದೆ."

"ನೋಡಿ, ಕೈಗೆ ಸಿಕ್ತು ಅಂತ ಚೆಂದ ಮಾಡೋಕೆ ಹೋಗ್ಬೇಡಿ ಮತ್ತೆ!"

"ಇಲ್ವೇ ಮಹರಾಯ್ತಿ, ಇದ್ದ ಹಾಗೇ ಮಾಡ್ತೀನಿ."

ಫೋನಿಟ್ಟು ಕೆತ್ತುವ ಯಂತ್ರಕ್ಕೆ ಬಿಳಿ ತುಂಡು ಸಿಕ್ಕಿಸಿ ಮುಚ್ಚಳ ಹಾಕಿದ. ಯಂತ್ರ ಗುಂಯ್‌ಗುಟ್ಟಿತು. ಗಾಜಿನ ಆಚೆ ಪುಡಿ ಉದುರುತ್ತ ಉದುರುತ್ತ, ಎಡಗಡೆಯ ಹಲ್ಲಿನ ವಾರೆ ಅಂಚು ಮೆಲ್ಲಗೆ ಮೂಡತೊಡಗಿತು.