ಆರ್ಲಿಸಳ ಕಾರಿಗೆ ರೇಡಿಯೋ

ಹೆಂಡತಿಯ ಕಾರಿಗೆ ಉಪಗ್ರಹ ರೇಡಿಯೋ ಹಾಕಬೇಕೆಂದು ಮರ್ಲ್ ಹಾವ್ಲಿಚೆಕ್‌ಗೆ ಹೊಳೆದದ್ದು, ಅವಳು ಒಂದು ಭಾನುವಾರ ಬಹಳ ತಡವಾಗಿ ಮನೆಗೆ ಬಂದು, ಕೈಚೀಲವನ್ನು ಮೇಜಿನ ಮೇಲೆ ಕುಕ್ಕಿ, "ಆ ದಾರೀಲಿ ಒಂದು ನರಪಿಳ್ಳೆ ದನಿ ಇಲ್ಲ" ಎಂದಾಗ.

ಮಾತು ಸುಳ್ಳಲ್ಲ. ನೆಬ್ರಾಸ್ಕದ ಮರಳುಗುಡ್ಡಗಳಲ್ಲಿ ಊರು ಬಿಟ್ಟು ಸ್ವಲ್ಪ ದೂರ ಹೋದರೆ ಸಾಕು, ಕಾರಿನ ರೇಡಿಯೋದಲ್ಲಿ ದನದ ಮಾರುಕಟ್ಟೆಯ ದರ ಹೇಳುವವನ ಗಂಟಲು ಕಟ್ಟುತ್ತದೆ. ಆಮೇಲೆ ಬರೀ ಸುಯ್ಯೆನ್ನುವ ಸದ್ದು. ಆ ಗುಡ್ಡಗಳ ನಡುವೆ ಚದುರಿಕೊಂಡಿರುವ ಮೂರು ಪುಟ್ಟ ಚರ್ಚುಗಳಿಗೆ ಪ್ರತಿ ಭಾನುವಾರ ಒಂದಾದ ಮೇಲೊಂದರಂತೆ ಹೋಗಿ ಆರ್ಲಿಸ್ ಆರ್ಗನ್ ನುಡಿಸುತ್ತಿದ್ದಳು. ಮಗಳು ಹುಟ್ಟುವ ಮೊದಲಿನಿಂದಲೂ ಇದು ನಡೆದು ಬಂದಿತ್ತು. ಇತ್ತೀಚೆಗೆ ಮಾತ್ರ ವಾಪಸು ಬರುವುದು ತಡವಾಗುತ್ತಿತ್ತು. ಪಾದ್ರಿಯ ಹೆಂಡತಿ ಕೂರಿಸಿಕೊಂಡಳು ಅನ್ನುವಳು; ದಾರಿಯಲ್ಲಿ ದನ ಅಡ್ಡ ನಿಂತಿದ್ದವು ಅನ್ನುವಳು. ಮರ್ಲ್ ತಲೆಯಾಡಿಸುತ್ತಿದ್ದ. ಅವನಿಗೆ ಅನಿಸುತ್ತಿದ್ದದ್ದು ಇಷ್ಟೇ: ಪಾಪ, ಅಷ್ಟು ದೂರ ಒಬ್ಬಳೇ.

ಮರ್ಲ್ ಬಾಳೆಲ್ಲ ಗಾಳಿಯಂತ್ರ ರಿಪೇರಿ ಮಾಡಿದವನು. ಆ ಗುಡ್ಡಗಳಲ್ಲಿ ದನಗಳಿಗೆ ನೀರೆತ್ತುವ ಯಂತ್ರಗಳಲ್ಲಿ ಅವನು ಹತ್ತದೆ ಇದ್ದದ್ದು ಇಲ್ಲವೆಂದೇ ಹೇಳಬೇಕು. ಈಗ ಮಂಡಿ ಹೋಗಿ ಏಣಿ ಬಿಟ್ಟಿದ್ದ, ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಡಾಯ್ಲ್ ಕ್ರಾಟ್ಜ್‌ನ ಬಿಡಿಭಾಗದ ಅಂಗಡಿಯಲ್ಲಿ ರೇಡಿಯೋ ಟ್ಯೂನರ್ ತರಿಸಲು ಹೇಳಿದ.

"ಲೋ ಮರ್ಲ್, ಹೆಂಡ್ತಿಗೆ ಹೊಸ ಕಾರು ಕೊಡ್ಸೋ ಯೋಗ್ಯತೆ ಇಲ್ಲ ಅಂತ ಆಕಾಶದಿಂದ ಹಾಡು ಇಳಿಸ್ತಿದ್ದೀಯೇನೋ?" ಎಂದು ಡಾಯ್ಲ್ ನಕ್ಕ.

"ನಿನ್ನ ಹೆಂಡ್ತಿಗೆ ನೀನು ಏನು ಇಳಿಸಿದ್ದೀಯ, ಅದನ್ನ ಹೇಳು ಮೊದಲು."

"ನನ್ನ ಹೆಂಡ್ತಿ ನನ್ನನ್ನೇ ಇಳಿಸಿಬಿಟ್ಟಿದ್ದಾಳೆ ಬಿಡು, ದಿವಾನದ ಮೇಲಕ್ಕೆ."

ಶನಿವಾರ ಬೆಳಿಗ್ಗೆ ಆರ್ಲಿಸ್ ಗೆಳತಿಯ ಕಾರಿನಲ್ಲಿ ಚರ್ಚಿನ ಅಡುಗೆಮನೆಗೆ ಹೋದಳು. ಯಾರದೋ ಶವಸಂಸ್ಕಾರದ ಊಟಕ್ಕೆ ಅವಳ ಕೊಲಾಚೆ ಬನ್ನು ಬೇಕೇ ಬೇಕಿತ್ತು. ಅವಳು ಬರುವುದರೊಳಗೆ ಕೆಲಸ ಮುಗಿಸಿ, ಏನೂ ಗೊತ್ತಿಲ್ಲದವನಂತೆ ಕಾರಿನಲ್ಲಿ ಕೂರಿಸಿ ಗುಂಡಿ ಒತ್ತಬೇಕು ಎಂಬುದು ಮರ್ಲ್‌ನ ಲೆಕ್ಕ. ಅವಳು ಹುಡುಗಿಯಾಗಿದ್ದಾಗ ಕುಣಿಯುತ್ತಿದ್ದ ಅಕಾರ್ಡಿಯನ್ ಬ್ಯಾಂಡಿನ ಹಾಡುಗಳು ಬರುವ ಚಾನೆಲ್ ಒಂದಿದೆಯಂತೆ.

ಮನೆಯ ಮುಂದೆ ನಿಂತಿದ್ದ ಕಾರಿನ ಬಾನೆಟ್ ತೆಗೆದು ಬ್ಯಾಟರಿಯ ವೈರು ಬಿಚ್ಚಿದ. ಬೆಣ್ಣೆ ಸವರುವ ಚಾಕುವಿಗೆ ಟೇಪು ಸುತ್ತಿ, ಡ್ಯಾಶ್‌ಬೋರ್ಡಿನ ಅಂಚಿಗೆ ಗೀರು ಬೀಳದ ಹಾಗೆ ಮೆಲ್ಲಗೆ ಎಬ್ಬಿಸಿದ. ಸ್ಟೀರಿಯೋ ಸ್ಕ್ರೂ ಬಿಚ್ಚಿ ಮುಂದಕ್ಕೆ ಎಳೆದುಕೊಂಡಾಗ ಅದರ ಬೆನ್ನಿನಲ್ಲಿ ಟ್ಯೂನರಿಗೆಂದೇ ಒಂದು ಕಿಂಡಿ ಖಾಲಿ ಇತ್ತು. ಆಂಟೆನಾವನ್ನು ಚಾವಣಿಯ ಮೇಲೆ ಕೂರಿಸಿ, ಅದರ ವೈರನ್ನು ಬಾಗಿಲ ಸಂದಿನ ರಬ್ಬರಿನ ಕೆಳಗೆ ತೂರಿಸಿ ತಂದ. ಇನ್ನು ಟ್ಯೂನರಿನ ಡಬ್ಬಿಗೊಂದು ಜಾಗ ಬೇಕು. ಸ್ಟೀರಿಂಗಿನ ಕೆಳಗೆ, ಫ್ಯೂಸುಗಳ ಹಿಂದೆ ಕೈ ಹಾಕಿ ತಡಕಿದ.

ಅಲ್ಲಿ ಆಗಲೇ ಒಂದು ಡಬ್ಬಿ ಇತ್ತು.

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಕಪ್ಪಗೆ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿತ್ತು. ಟಾರ್ಚು ಬಿಟ್ಟು ನೋಡಿದ. ಬ್ಯಾಟರಿ ಕಳಚಿದ್ದರೂ ಅದರ ತುದಿಯಲ್ಲಿ ಹಸಿರು ದೀಪವೊಂದು ಮಿಣುಕುತ್ತಿತ್ತು. ಈ ಕಾರು ಕೊಂಡಾಗಿನಿಂದ ಇದರ ಒಂದೊಂದು ವೈರನ್ನೂ ಬಲ್ಲ ಮರ್ಲ್‌ಗೆ ಅದು ಏನೆಂದೇ ತಿಳಿಯಲಿಲ್ಲ. ಪಟ್ಟಿ ಕತ್ತರಿಸಿ, ಅದರ ವೈರು ಕಳಚಿ ಕೈಗೆತ್ತಿಕೊಂಡ.

ಅಷ್ಟರಲ್ಲಿ ಕೆಲಸ ಎಲ್ಲಿಗೆ ಬಂತೆಂದು ನೋಡಲು ಡಾಯ್ಲ್ ಕಾಫಿ ಲೋಟ ಹಿಡಿದು ಬಂದ.

"ಇದೇನೋ ಇದು? ರೇಡಿಯೋ ಜೊತೆ ಬಂದಿದ್ದಾ?" ಎಂದು ಮರ್ಲ್ ಡಬ್ಬಿಯನ್ನು ಅವನ ಕೈಗೆ ಕೊಟ್ಟ.

ಡಾಯ್ಲ್ ಅದನ್ನು ತಿರುಗಿಸಿ ನೋಡಿದ. ಅವನ ಮುಖದ ನಗು ಇಳಿಯಿತು. "ಇದು ರೇಡಿಯೋದಲ್ಲ ಕಣೋ. ಇದು ಜಾಡು ಹಿಡಿಯೋದು. ಕಾರು ಎಲ್ಲೆಲ್ಲಿ ಹೋಯ್ತು, ಎಲ್ಲಿ ನಿಂತ್ಕೊಂಡ್ತು, ಎಲ್ಲಾ ಯಾರದ್ದೋ ಫೋನಿಗೆ ಹೇಳುತ್ತೆ. ಆಳುಗಳ ಗಾಡಿಗೆ ಹಾಕೋಕೆ ಅಂತ ತಗೊಂಡು ಹೋಗ್ತಾರೆ. ಇನ್ನು ಕೆಲವರು..." ಎಂದು ನಿಲ್ಲಿಸಿದ.

"ಕೆಲವರು?"

"ಹೆಂಡ್ತಿ ಗಾಡಿಗೆ ಹಾಕ್ತಾರೆ." ಡಾಯ್ಲ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನೀನೇ ಹಾಕಿ ಮರೆತಿದ್ದೀಯೇನೋ?"

"ತಲೆ ಕೆಟ್ಟಿದೆಯೇನೋ ನಿಂಗೆ!"

"ಹಾಗಾದ್ರೆ ಬೇರೆ ಯಾರೋ ಹಾಕಿದ್ದಾರೆ."

ಡಾಯ್ಲ್ ಹೋದ ಮೇಲೆ ಮರ್ಲ್ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ಕಾರಿನ ಬಾಗಿಲಿಗೆ ಒರಗಿ ನಿಂತ. ಯಾರೋ ಆರ್ಲಿಸಳ ಬೆನ್ನು ಹತ್ತಿದ್ದಾರೆ. ಚರ್ಚಿನಲ್ಲಿ ಆರ್ಗನ್ ನುಡಿಸುವವಳ ಬೆನ್ನು ಹತ್ತುವುದಕ್ಕೆ ಯಾರಿಗೆ ಏನು ಬಿದ್ದಿದೆ? ಪೊಲೀಸಿಗೆ ಹೇಳೋಣವೆಂದು ಹೊರಟವನು, ಏನೆಂದು ಹೇಳುವುದೋ ತಿಳಿಯದೆ ನಿಂತ.

ಆರ್ಲಿಸ್ ಬಂದದ್ದು ಆಗಲೇ. ಉಳಿದ ಬನ್ನಿನ ತಟ್ಟೆಗೆ ಬಟ್ಟೆ ಮುಚ್ಚಿ ಹಿಡಿದಿದ್ದಳು. ಕರುಳು ಹೊರಗೆ ಬಿದ್ದಂತಿದ್ದ ತನ್ನ ಕಾರನ್ನು ನೋಡಿ, "ಏನೋ ಇದು ನನ್ನ ಗಾಡಿ ಗತಿ?" ಎಂದವಳು ಅವನ ಮುಖ ನೋಡಿ ಮಾತು ನಿಲ್ಲಿಸಿದಳು.

"ನಿಂಗೆ ರೇಡಿಯೋ ಹಾಕೋಣ ಅಂತ ಬಿಚ್ಚಿದೆ. ಒಳಗೆ ಇದು ಸಿಕ್ತು. ಗಾಡಿ ಹೋದಲ್ಲೆಲ್ಲ ಹೇಳೋ ಯಂತ್ರ ಅಂತೆ."

ಅವಳ ಮುಖ ಹಿಟ್ಟಿನ ಹಾಗೆ ಬಿಳಿಚಿತು. ತಟ್ಟೆಯನ್ನು ಕಾರಿನ ಮೇಲಿಟ್ಟಳು. "ನೀನು ಹಾಕಿದ್ಯಾ?"

"ನಾನಾ? ನಾನು ಈಗ ತೆಗ್ದೆ ಅಂತಿದ್ದೀನಿ!"

"ಸುಳ್ಳು ಹೇಳ್ಬೇಡ ಮರ್ಲ್. ಸುಮ್ಮನೆ ಎದುರಿಗೆ ಕೇಳೋಕೆ ಆಗ್ತಿರಲಿಲ್ವಾ? ಕಳ್ಳನ ಹಾಗೆ ಹಿಂದೆ ಬೀಳ್ಬೇಕಿತ್ತಾ? ಈಗ ಎಲ್ಲಾ ಗೊತ್ತಾಯ್ತಲ್ಲ, ಸಮಾಧಾನ ಆಯ್ತಾ?"

ಮರ್ಲ್ ಡಬ್ಬಿ ಹಿಡಿದೇ ಅವಳ ಹತ್ತಿರ ಬಂದ. "ಏನು ಗೊತ್ತಾಯ್ತು ಆರ್ಲಿಸ್? ನಂಗೇನೂ ಗೊತ್ತಿಲ್ಲ. ಎಲ್ಲಿಗೆ ಹೋಗ್ತಿದ್ದೆ ನೀನು?"

ಅವಳು ಸ್ಟೀರಿಯೋ ಜೋತಾಡುತ್ತಿದ್ದ ಆ ಕಾರಿನೊಳಗೇ ಹೋಗಿ ಕುಳಿತು ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದುಕೊಂಡಳು. ಮರ್ಲ್‌ನ ತಲೆಯಲ್ಲಿ ಅದುವರೆಗೆ ಬಾರದ ಯೋಚನೆಯೆಲ್ಲ ಒಮ್ಮೆಗೇ ನುಗ್ಗಿ ಬಂತು. ಪಾದ್ರಿಯ ಹೆಂಡತಿ, ಅಡ್ಡ ನಿಂತ ದನ. ಈ ವಯಸ್ಸಿನಲ್ಲಿ? ಯಾರು?

ಅವನ ಜೇಬಿನ ಫೋನು ಹೊಡೆದುಕೊಂಡಿತು. ಕಾರ್ನಿ ಪಟ್ಟಣದಲ್ಲಿ ನರ್ಸ್ ಆಗಿರುವ ಮಗಳು ಜನೆಲ್.

"ಅಪ್ಪಾ, ಅಮ್ಮ ಎಲ್ಲಿ? ಅಮ್ಮನ ಕಾರಿಗೆ ಏನಾಯ್ತು? ಎಲ್ಲಾದ್ರೂ ಗುದ್ದಿಕೊಂಡ್ಲಾ? ಬೇಗ ಹೇಳು!"

"ಇಲ್ಲೇ ಕೂತಿದ್ದಾಳೆ. ಕಾರು ಮನೇಲೇ ಇದೆ. ಯಾಕೆ ಕೇಳ್ತಿದ್ದೀಯ?"

ಆ ಕಡೆಯಿಂದ ಉಸಿರು ಬಿಟ್ಟ ಸದ್ದು. "ನಂಗೆ ಫೋನಲ್ಲಿ ಬಂತು, ಕಾರಿನ ಕರೆಂಟು ಕಟ್ಟಾಗಿದೆ ಅಂತ. ಆಸ್ಪತ್ರೆ ಕೆಲಸದಲ್ಲಿದ್ದೆ, ಈಗ ನೋಡ್ದೆ."

ಮರ್ಲ್ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದ. ಹಸಿರು ದೀಪ ಇನ್ನೂ ಮಿಣುಕುತ್ತಿತ್ತು. "ಇದನ್ನ ಹಾಕಿದ್ದು ನೀನಾ?"

ಕಾರಿನೊಳಗಿನಿಂದ ಆರ್ಲಿಸ್ ಕೈ ಚಾಚಿದಳು. "ಫೋನು ಕೊಡು. ಇಬ್ಬರಿಗೂ ಕೇಳೋ ಹಾಗೆ ಮಾಡು." ಮರ್ಲ್ ಗುಂಡಿ ಒತ್ತಿ ಸೀಟಿನ ಮೇಲಿಟ್ಟ. "ಏನೇ ಜನೆಲ್, ನನ್ನನ್ನೇನು ದನ ಅಂದ್ಕೊಂಡ್ಯಾ? ಕಿವಿಗೆ ಬಿಲ್ಲೆ ಹೊಡ್ದು ಬಿಟ್ಟಿದ್ದೀಯಲ್ಲ!"

"ಅಮ್ಮಾ, ಬೈಬೇಡ. ಈಸ್ಟರಿಗೆ ಬಂದಾಗ ಹಾಕಿಸ್ದೆ. ನಾನು ಇನ್ನೇನು ಮಾಡ್ಬೇಕಿತ್ತು? ಆ ಗುಡ್ಡದಲ್ಲಿ ದನ ಸಾಕೋ ಶಾಫ್ ಅಂಕಲ್ ನಂಗೆ ಫೋನ್ ಮಾಡಿ, ನಿಮ್ಮಮ್ಮ ದನದ ತೊಟ್ಟಿ ಹತ್ರ ಗಾಡಿ ನಿಲ್ಲಿಸ್ಕೊಂಡು ಅಳ್ತಿದ್ದಾರೆ, ಮನೆ ದಾರಿ ಗೊತ್ತಾಗ್ತಿಲ್ಲ ಅಂತಿದ್ದಾರೆ ಅಂದ್ರು. ಅಪ್ಪಂಗೆ ಹೇಳ್ಬೇಡ ಅಂತ ನೀನು ಅವರ ಕೈಲೂ ಆಣೆ ಹಾಕಿಸ್ಕೊಂಡೆ, ನನ್ನ ಕೈಲೂ ಹಾಕಿಸ್ಕೊಂಡೆ. ನಂಗೆ ನಿದ್ದೆ ಬರ್ತಿರಲಿಲ್ಲ ಅಮ್ಮ."

ಮರ್ಲ್ ಕಾರಿನ ಬಾಗಿಲನ್ನು ಹಿಡಿದುಕೊಂಡ. ಒಂದು ಕ್ಷಣದ ಹಿಂದೆ ತಾನು ಯೋಚಿಸಿದ್ದಕ್ಕೆ ನಾಚಿಕೆಯಾಗಬೇಕಿತ್ತು, ಅದಕ್ಕೂ ಎಡೆಯಿರಲಿಲ್ಲ. ಮನೆ ದಾರಿ? ಇವಳಿಗೆ? ಮಂಜು ಕವಿದ ದಿನವೂ ಗುಡ್ಡದ ಬಾಗು ನೋಡಿ ಯಾರ ಹೊಲವೆಂದು ಹೇಳುತ್ತಿದ್ದವಳಿಗೆ?

ಮಗಳು ಫೋನಿಟ್ಟ ಮೇಲೆ ಆರ್ಲಿಸ್ ಎದುರಿನ ಗಾಜನ್ನೇ ನೋಡುತ್ತ ಹೇಳಿದಳು.

"ಒಂದೇ ಸಲಕ್ಕೆ ಆಗುತ್ತೆ ಮರ್ಲ್. ಗುಡ್ಡ ಹತ್ತೋವಾಗ ಎಲ್ಲಾ ಗೊತ್ತಿರುತ್ತೆ. ಇಳಿಯೋ ಹೊತ್ತಿಗೆ ಯಾವುದೋ ಬೇರೆ ದೇಶಕ್ಕೆ ಬಂದ ಹಾಗೆ. ರಸ್ತೆ ಅದೇ, ಬೇಲಿ ಅದೇ, ಆದ್ರೆ ಎಡಕ್ಕಾ ಬಲಕ್ಕಾ ಅಂತ ತಿಳಿಯಲ್ಲ. ಆರ್ಗನ್ ಮುಂದೆ ಕೂತ್ರೆ ಕೈ ತಾನೇ ಓಡುತ್ತೆ, ಒಂದು ಸ್ವರ ತಪ್ಪಲ್ಲ. ಹೊರಗೆ ಬಂದ್ರೆ ನನ್ನ ಕಾರು ಯಾವುದು ಅಂತ ಹುಡುಕ್ತೀನಿ."

"ನಂಗೆ ಯಾಕೆ ಹೇಳಲಿಲ್ಲ?"

"ನೀನು ಮೊದಲು ಕೀಲಿ ಕಿತ್ಕೋತೀಯ ಅಂತ."

ಮರ್ಲ್ ಸುಮ್ಮನಿದ್ದರೆ ಚೆನ್ನಾಗಿತ್ತು. ಆದರೆ ಬಾಯಿಗೆ ಬಂದದ್ದು ಅದೇ: "ಮತ್ತೆ, ಇನ್ಮೇಲೆ ನೀನು ಗಾಡಿ ಓಡಿಸೋದು ಬೇಡ."

ಆರ್ಲಿಸ್ ಅವನ ಕಡೆ ನೋಡಿದಳು. "ನೋಡಿದ್ಯಾ?" ಎಂದು ಇಳಿದು, ಬನ್ನಿನ ತಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಮಧ್ಯಾಹ್ನವಿಡೀ ಮರ್ಲ್ ಕಾರಿನ ಕೆಲಸವನ್ನೇ ಮಾಡಿದ. ಬೇರೆ ಏನು ಮಾಡಲೂ ತೋಚಲಿಲ್ಲ. ಕಪ್ಪು ಡಬ್ಬಿ ಇದ್ದ ಜಾಗದಲ್ಲೇ ಟ್ಯೂನರನ್ನು ಕೂರಿಸಿ, ಸ್ಟೀರಿಯೋ ಒಳಕ್ಕೆ ತಳ್ಳಿ, ಬ್ಯಾಟರಿ ಜೋಡಿಸಿ ಗುಂಡಿ ಒತ್ತಿದ. ಒಮ್ಮೆಗೇ ಅಕಾರ್ಡಿಯನ್ ಕೆನೆಯಿತು. ಸೀಟಿನಲ್ಲಿ ಕುಳಿತಿದ್ದವನು ಬೆಚ್ಚಿಬಿದ್ದು ಆರಿಸಿಬಿಟ್ಟ.

ತಲೆಯೆತ್ತಿದರೆ ಕಾರಿನ ಬಾಗಿಲ ಬಳಿ ಆರ್ಲಿಸ್ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ನಾಳೆ ನೀನೇ ಓಡಿಸು. ಆರ್ಗನ್ ಮಾತ್ರ ನಾನು ನುಡಿಸ್ತೀನಿ. ಯಾರಾದ್ರೂ ಅದನ್ನೂ ಬಿಡು ಅಂದ್ರೆ ನೋಡು ಮತ್ತೆ."

"ಯಾರೂ ಅನ್ನಲ್ಲ."

"ಆ ಡಬ್ಬಿ ಜನೆಲ್‌ಗೆ ವಾಪಸ್ ಕೊಡು. ಡಾಕ್ಟರ ಹತ್ರ ಅವಳೇ ಕರ್ಕೊಂಡು ಹೋಗ್ಲಿ. ನೀನು ಬಂದ್ರೆ ನನಗಿಂತ ಮೊದಲು ನೀನೇ ಬಿದ್ಬಿಡ್ತೀಯ. ಮುಖ ನೋಡ್ಕೋ, ಹೇಗಾಗಿದೆ."

ಡಾಕ್ಟರು ಆಮೇಲೆ ಹೇಳಿದ್ದು ಅವರು ಅಂದುಕೊಂಡದ್ದನ್ನೇ. ಮರೆವಿನ ಕಾಯಿಲೆ ಶುರುವಾಗಿದೆ, ನಿಧಾನವಾಗಿ ಬೆಳೆಯುತ್ತದೆ, ಕೈಯಲ್ಲಿ ಸಂಗೀತ ಇರುವಷ್ಟು ದಿನ ನುಡಿಸಲಿ ಎಂದರು. ಆದರೆ ಮರ್ಲ್‌ಗೆ ವಿಷಯ ನಿಜವಾಗಿ ತಟ್ಟಿದ್ದು ಡಾಕ್ಟರ ಮಾತಿನಿಂದಲ್ಲ; ಅದಕ್ಕೂ ಮೊದಲೇ, ರೇಡಿಯೋ ಹಾಕಿದ ಮರುದಿನದ ಭಾನುವಾರ.

ದಾರಿಯುದ್ದಕ್ಕೂ ಬ್ಯಾಂಡಿನ ಹಾಡು ಕೇಳುತ್ತ ಹೋದರು. ಗುಡ್ಡದ ಮರೆಗೆ ಹೋದರೂ ದನಿ ಕಡಿಯಲಿಲ್ಲ. ಆರ್ಲಿಸ್ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಮೂರು ಚರ್ಚಿನಲ್ಲೂ ಮರ್ಲ್ ಹಿಂದಿನ ಬೆಂಚಿನಲ್ಲಿ ಕುಳಿತು ಅವಳ ಬೆನ್ನನ್ನೇ ನೋಡಿದ. ಒಂದು ಸ್ವರವೂ ತಪ್ಪಲಿಲ್ಲ.

ಕೊನೆಯ ಚರ್ಚಿನ ಮೆಟ್ಟಿಲಲ್ಲಿ ವೆಂಡೆಲ್ ಶಾಫ್ ಟೋಪಿ ತೆಗೆದು ಎದುರು ಬಂದ. ಅವನ ಹೊಲದ ಗಾಳಿಯಂತ್ರವನ್ನು ಮರ್ಲ್ ಎಷ್ಟೋ ಸಲ ರಿಪೇರಿ ಮಾಡಿದ್ದ.

"ನೀವು ಬಂದಿದ್ದು ಒಳ್ಳೇದಾಯ್ತು ಮರ್ಲ್. ಇವತ್ತು ಮನೇಲಿ ಲೋರೇನ್ ಮಾಂಸ ಬೇಯಿಸಿದ್ದಾಳೆ, ಊಟಕ್ಕೆ ಬನ್ನಿ. ಹೇಗೂ ನಿಮ್ಮನೆಯವರಿಗೆ ನಮ್ಮನೇಲಿ ಕಾಫಿ ಕುಡ್ದು ಅಭ್ಯಾಸ."

"ಅಭ್ಯಾಸ? ಆ ಒಂದು ದಿನ ಅಲ್ವಾ, ತೊಟ್ಟಿ ಹತ್ರ..."

ವೆಂಡೆಲ್ ಟೋಪಿಯ ಅಂಚನ್ನು ತಿರುಗಿಸಿದ. ಹೇಳಬಾರದ್ದನ್ನು ಹೇಳಿದೆನೆಂದು ಅವನಿಗೆ ಅರಿವಾಗಿತ್ತು. "ಚಳಿಗಾಲದಿಂದಲೂ ಬರ್ತಾರಲ್ಲ. ನಮ್ಮ ಗೇಟು ಕಂಡ್ರೆ ಒಳಗೆ ತಿರುಗಿಸ್ತಾರೆ. ಕಾಫಿ ಕೊಟ್ಟು, ಮನಸ್ಸು ತಿಳಿಯಾದ್ಮೇಲೆ ನಾನು ಮುಂದೆ ಗಾಡಿ ಬಿಡ್ತೀನಿ, ಅವರು ಹಿಂದೆ ಬರ್ತಾರೆ, ಹೆದ್ದಾರಿ ತನಕ. ನಾನಿಲ್ಲದಿದ್ರೆ ಆಚೆ ಮನೆಯವರು ಬಿಡ್ತಾರೆ. ಈ ಕಡೆ ಎಲ್ಲರಿಗೂ ಗೊತ್ತು. ಇವತ್ತು ನೀವೇ ಕರ್ಕೊಂಡು ಬಂದಿದ್ದು ನೋಡಿ, ನಿಮಗೂ ಎಲ್ಲಾ ಹೇಳಿಬಿಟ್ಟಿದ್ದಾರೆ ಅಂದ್ಕೊಂಡೆ."

ಈ ಕಣಿವೆಯಲ್ಲಿ ಮರ್ಲ್ ಹೋಗದ ಮನೆಯಿಲ್ಲ. ಇವರೆಲ್ಲ ಅಂಚೆ ಕಚೇರಿಯಲ್ಲಿ ಸಿಗುತ್ತಿದ್ದರು, ಡಾಯ್ಲ್‌ನ ಅಂಗಡಿಯಲ್ಲಿ ಸಿಗುತ್ತಿದ್ದರು, ಕೈ ಕುಲುಕುತ್ತಿದ್ದರು. ಇಡೀ ಗುಡ್ಡವೇ ಅವನ ಹೆಂಡತಿಯನ್ನು ಕೈಯಿಂದ ಕೈಗೆ ದಾಟಿಸಿ ಮನೆ ಮುಟ್ಟಿಸುತ್ತಿತ್ತು. ಅವನು ಮನೆಯಲ್ಲಿ ಕುಳಿತು, ದನ ಅಡ್ಡ ಬಂದಿರಬೇಕು ಅಂದುಕೊಳ್ಳುತ್ತಿದ್ದ.

ಶಾಫ್ ದಂಪತಿಯ ಅಡುಗೆಮನೆಯಲ್ಲಿ ಮಾಂಸದ ಘಮ ತುಂಬಿತ್ತು. ಲೋರೇನ್ ಅವರನ್ನು ಕೂರಲು ಹೇಳುವುದರೊಳಗೆ ಆರ್ಲಿಸ್ ಕೋಟು ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ತಗುಲಿಸಿದಳು. ಒಲೆಯ ಪಕ್ಕದ ಕಪಾಟು ತೆಗೆದು, ಮೇಲಿನ ಹಲಗೆಯಿಂದ ಹಿಡಿ ಸೀಳಿದ ನೀಲಿ ಲೋಟವೊಂದನ್ನು ತೆಗೆದುಕೊಂಡಳು. ಕಾಫಿ ಬಗ್ಗಿಸಿಕೊಂಡು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕುಳಿತಳು.

ಮರ್ಲ್ ಇನ್ನೂ ಬಾಗಿಲಲ್ಲೇ ನಿಂತಿದ್ದ.

"ಬಾರೋ," ಎಂದು ಆರ್ಲಿಸ್ ಪಕ್ಕದ ಕುರ್ಚಿಯನ್ನು ಎಳೆದಳು. "ಯಾಕೆ ಹೊಸಬರ ಮನೆಗೆ ಬಂದ ಹಾಗೆ ನಿಂತಿದ್ದೀಯ?"