ಬೆತ್, ತಾವ್, ಯೋದ್

ನಾನು ಒಂದು ಸ್ಲೇಟು. ಗಣಿಯ ಕಪ್ಪು ಕಲ್ಲನ್ನು ತೆಳ್ಳಗೆ ಸೀಳಿ, ಉಜ್ಜಿ, ಸುತ್ತ ಮರದ ಚೌಕಟ್ಟು ಕೂರಿಸಿದಾಗ ನನಗೆ ಈ ರೂಪ ಬಂತು. ಉಡುಪಿಯ ಅಂಗಡಿಯಿಂದ ನನ್ನನ್ನು ಎದೆಗವಚಿಕೊಂಡು ಮನೆಗೆ ತಂದವಳು ಒಂದನೇ ಕ್ಲಾಸಿನ ಜಯಶೀಲಾ. ಅವಳು ಎಡಚಿ. 'ಅ' ಬರೆದು ಮುಂದಿನ ಅಕ್ಷರಕ್ಕೆ ಹೋಗುವಷ್ಟರಲ್ಲಿ ಅವಳ ಅಂಗೈಯೇ 'ಅ'ವನ್ನು ಒರೆಸಿಬಿಡುತ್ತಿತ್ತು. ಟೀಚರ್ ಬೈದರು, ಬಳಪ ಬಲಗೈಗೆ ಹೋಯಿತು. ಆಮೇಲೆ ಪುಸ್ತಕಗಳು ಬಂದವು, ನಾನು ಅಟ್ಟ ಸೇರಿದೆ.

ಮತ್ತೆ ಬೆಳಕು ಕಂಡಾಗ ಜಯಶೀಲಾ ನರ್ಸ್ ಆಗಿದ್ದಳು. ಗಂಡ ತೀರಿಕೊಂಡಿದ್ದ. ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಅಲ್ಲಿ ದುಡಿದು ಬಂದಿದ್ದ ಕಾರ್ಮಿನ್ ಬಾಯಿ ತಮ್ಮ ಜಗಲಿಯಲ್ಲಿ ಅಲ್ಲಿನ ಭಾಷೆ ಹೀಬ್ರೂವನ್ನು ನನ್ನ ಮೇಲೆ ಬರೆಸಿ ಅವಳಿಗೆ ಕಲಿಸಿದರು.

"ಇದೆಂತ ಬಾಯಿ, ಬಲದಿಂದ ಎಡಕ್ಕೆ ಬರೆಯುದಾ?"

"ಹೌದು ಮಾರಾಯ್ತಿ. ನಮ್ಗೆಲ್ಲ ಕೈ ಉಲ್ಟಾ ಹೋಗ್ತದೆ. ನಿಂಗೆ ಎಡಗೈ ಉಂಟಲ್ಲ, ಅದ್ರಲ್ಲೇ ಬರಿ."

ಮೊದಲ ಅಕ್ಷರಗಳು: ಆಲೆಫ್, ಬೆತ್, ಗಿಮೆಲ್. ಎಡಗೈ ಮುಂದೆ ಸರಿಯಿತು. ಬರೆದದ್ದು ಹಾಗೇ ಉಳಿಯಿತು. ಜಯಶೀಲಾ ಪುಟ್ಟ ಹುಡುಗಿಯ ಹಾಗೆ ನಕ್ಕಳು.

ಅವಳ ಪೆಟ್ಟಿಗೆಯಲ್ಲಿ ನಾನೂ ಇಸ್ರೇಲಿಗೆ ಹೋದೆ. ಅಲ್ಲಿನ ಹೈಫಾ ನಗರದಲ್ಲಿ ಅವಳು ನೋಡಿಕೊಳ್ಳಬೇಕಾದವರು ಯಾಫಾ ಎಂಬ ಅಜ್ಜಿ. ಪಾರ್ಶ್ವವಾಯು ಬಡಿದು ಅವರ ಬಲಗೈಯೂ ಮಾತೂ ಹೋಗಿದ್ದವು. ಅಮ್ಮ ತನ್ನನ್ನು ನೋಡಿ ಬರೀ ಅಳುವುದನ್ನು ತಾಳಲಾರದೆ ಮಗಳು ರೀನಾ ಬರುವುದನ್ನೇ ಬಿಟ್ಟಿದ್ದಳು.

ಜಯಶೀಲಾ ಮಧ್ಯಾಹ್ನ ನನ್ನ ಮೇಲೆ ಪಾಠ ಬರೆಯುವಾಗ ಯಾಫಾ ಕಣ್ಣು ಕೀಳದೆ ನೋಡುತ್ತಿದ್ದರು. ಒಮ್ಮೆ ಅವಳು ಬಳಪವನ್ನು ಅವರ ಎಡಗೈಗೆ ಕೊಟ್ಟಳು. "ಹೆದರ್ಬೇಡಿ ಅಜ್ಜಿ, ನಂದೂ ಎಡಗೈಯೇ" ಎಂದು ಊರಿನ ಮಾತಿನಲ್ಲೇ ಅಂದಳು. ಒಬ್ಬಳು ಹೊಸ ಭಾಷೆ ಕಲಿಯುತ್ತಿದ್ದಳು; ಇನ್ನೊಬ್ಬರು ತಮ್ಮದೇ ಭಾಷೆಯನ್ನು ಹುಡುಕುತ್ತಿದ್ದರು. ಇಬ್ಬರ ಗೆರೆಯೂ ಸೊಟ್ಟ.

ಹೀಗೆ ವಾರಗಳು ಕಳೆದ ಮೇಲೆ ಯಾಫಾ ತಾವಾಗಿಯೇ ಮೂರು ಅಕ್ಷರ ಬರೆದರು. ಹೀಬ್ರೂವಿನಲ್ಲಿ ಮನೆ ಎನ್ನುವ ಪದಕ್ಕೂ ಅವೇ ಮೂರು ಅಕ್ಷರ, ಕೊನೆಯೆರಡು ಮಾತ್ರ ಅದಲುಬದಲು. ಅದನ್ನೇ ಅಜ್ಜಿ ತಪ್ಪಿ ಬರೆದರೆಂದು ಜಯಶೀಲಾ ತಿದ್ದಲು ಹೋದಳು. ಯಾಫಾ ಅವಳ ಕೈ ತಳ್ಳಿ ಅತ್ತರು. ನಾನು ನೆಲಕ್ಕೆ ಬಿದ್ದೆ. ಮೂಲೆ ಮುಕ್ಕಾಯಿತು, ಅಕ್ಷರಗಳು ಉಳಿದವು.

ಗಾಬರಿಯಾದ ಜಯಶೀಲಾ ರೀನಾಳಿಗೆ ಫೋನ್ ಮಾಡಿದಳು. "ಅಮ್ಮ ಏನೋ ಬರೆದಿದ್ದಾರೆ, ನನಗೆ ಅರ್ಥ ಆಗ್ಲಿಲ್ಲ. ಓದ್ತೇನೆ, ಕೇಳಿ. ಬೆತ್... ತಾವ್... ಯೋದ್."



"ಬಿತಿ," ಎಂದಳು ರೀನಾ. "ನನ್ನ ಮಗಳು ಅಂತ."

ಅವಳು ಅಂದು ಸಂಜೆಯೇ ಓಡಿಬಂದಳು. ಯಾಫಾರ ಮಾತು ಮರಳಲಿಲ್ಲ. ಆದರೆ ತಾಯಿ ಮಗಳು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬರೆದು ಬರೆದೇ ಜಗಳವನ್ನೂ ಆಡಿದರು, ನಕ್ಕರು. ಮುಂದಿನ ಚಳಿಗಾಲದಲ್ಲಿ ಯಾಫಾ ಮಗಳ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದರು. ಜಯಶೀಲಾ ಊರಿಗೆ ಹೊರಟಾಗ ರೀನಾ ಅವಳಿಂದ ನನ್ನನ್ನು ಕೇಳಿ ಪಡೆದಳು.

ಈಗ ನಾನು ಅವಳ ಅಡುಗೆಮನೆಯ ಮೂಲೆಯಲ್ಲಿದ್ದೇನೆ. ಚೌಕಟ್ಟು ಸಡಿಲವಾಗಿದೆ. ಬರೆದದ್ದೆಲ್ಲ ಅಳಿದುಹೋಗುವ ಬಾಳು ನನ್ನದೆಂದು ಹಿಂದೆ ಬೇಸರವಾಗುತ್ತಿತ್ತು, ಈಗಿಲ್ಲ. ಶನಿವಾರ ಉಡುಪಿಗೆ ಫೋನ್ ಮಾಡುವಾಗ ರೀನಾ ತಾನು ಕಲಿತ ಕನ್ನಡದ ಸಾಲನ್ನು ಮೊದಲು ನನ್ನ ಮೇಲೆ ತನ್ನ ಲಿಪಿಯಲ್ಲಿ ಬರೆದುಕೊಳ್ಳುತ್ತಾಳೆ. ಆಮೇಲೆ ಒಂದೊಂದೇ ಅಕ್ಷರ ಕೂಡಿಸಿ ಕೇಳುತ್ತಾಳೆ:

"ಜಯಶೀಲಾ, ಊ-ಟಾ ಆ-ಯ್ತಾ?"